ಜರಿಗಿಡದ ಕಷಾಯ: ಪಂಪಿಗೆ ಸುರಿಯುವ ಮೊದಲು ಡಬ್ಬಿಯಲ್ಲಿ ಪರೀಕ್ಷಿಸಿ

ಜರಿಗಿಡದ (ಫರ್ನ್) ಎಲೆಯ ಕಷಾಯ ಬೆಳೆಯ ಹುಳುವಿಗೆ ಮದ್ದಾಗುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವ ಕ್ರಮ ಇದು. ಮೊದಲು ಒಂದು ಲೆಕ್ಕ. ಎಕರೆಗೆ 200 ಲೀಟರ್ ದ್ರಾವಣ ಹೊಡೆಯುವ ಬೆಳೆಗೆ 5% ಕಷಾಯ ಬೇಕೆಂದರೆ 10 ಕೆಜಿ ಒಣ ಪುಡಿ ಬೇಕು. ಜರಿಗಿಡದ ಹಸಿ ಎಲೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹಾಗಾಗಿ 10 ಕೆಜಿ ಪುಡಿಗೆ 40ರಿಂದ 50 ಕೆಜಿ ಹಸಿ ಎಲೆ ಕೊಯ್ಯಬೇಕು. ಇಂಡಿ, ಸಿಂದಗಿ, ಬೀಳಗಿ ಕಡೆ ಅಷ್ಟು ಜರಿ ಹುಟ್ಟುವುದೇ ಇಲ್ಲ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹುಟ್ಟುತ್ತದೆ, ಆದರೆ ಒಂದು ಎಕರೆಗಾಗಿ ಅಲ್ಲಿಯ ಹಳ್ಳದ ದಂಡೆಯನ್ನೇ ಬೋಳು ಮಾಡಬೇಕಾಗುತ್ತದೆ. ಬೇವಿನ ಮರ ವರ್ಷಾ ಬೀಜ ಉದುರಿಸಿ ಕೊಡುತ್ತದೆ. ಜರಿಯ ವಿಷಯದಲ್ಲಿ ಗಿಡದ ಮೈಯನ್ನೇ ಕೊಯ್ಯಬೇಕು. ಆದ್ದರಿಂದ ಇಲ್ಲಿ ಹೇಳುವ ಕ್ರಮ ಹೊಲಕ್ಕಲ್ಲ. ಹಿತ್ತಲು, ತಾರಸಿ ಕುಂಡ, ಕೃಷಿ ಅಥವಾ ತೋಟಗಾರಿಕೆ ವಿದ್ಯಾರ್ಥಿಗಳ ಪ್ರಾಜೆಕ್ಟು, ಇಷ್ಟಕ್ಕೆ ಇದು ಸಾಕು.

ಜರಿಯೊಳಗೆ ಏನಿದೆ

ಕೀಟದ ಮೇಲೆ ಕೆಲಸ ಮಾಡುವ ವಸ್ತುಗಳು ಜರಿಗಿಡಗಳಲ್ಲಿ ಒಂದೇ ಬಗೆಯವಲ್ಲ. ಯಾವುದನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತಿಲ್ಲದಿದ್ದರೆ ತಯಾರಿಯ ವಿಧಾನವೇ ತಪ್ಪಾಗುತ್ತದೆ.

ಮೊದಲನೆಯದು ಪೊರೆ ಕಳಚುವ ಹಾರ್ಮೋನು. ಹುಳು ಬೆಳೆಯುವಾಗ ಹಳೆಯ ಚರ್ಮ ಕಳಚಲು ಅದರ ಮೈಯಲ್ಲಿ 20-ಹೈಡ್ರಾಕ್ಸಿಎಕ್ಡೈಸೋನ್ ಎಂಬ ಹಾರ್ಮೋನು ಹುಟ್ಟುತ್ತದೆ. ಇದೇ ವಸ್ತು ಪಾಲಿಪೋಡಿಯಂ ಜರಿಯ ಗಡ್ಡೆಯಲ್ಲೂ ಬ್ರ್ಯಾಕನ್ ಜರಿಯಲ್ಲೂ ಇದೆಯೆಂದು 1967ರಲ್ಲಿ ತಿಳಿದುಬಂತು. ಹೊತ್ತಲ್ಲದ ಹೊತ್ತಿನಲ್ಲಿ ಇದು ಹೊಟ್ಟೆಗೆ ಹೋದರೆ ಹುಳು ತಿನ್ನುವುದನ್ನು ಬಿಡುತ್ತದೆ, ಅವಧಿಗೆ ಮುಂಚೆ ಪೊರೆ ಬಿಡಲು ಹೊರಟು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಮೆಥಾಕ್ಸಿಫೆನೊಜೈಡ್ ಎಂಬ ಕೀಟನಾಶಕ ಹಿಡಿಯುವುದೂ ಇದೇ ಎಳೆಯನ್ನೇ. ಆದರೆ ಸಿಕ್ಕಿದ್ದೆಲ್ಲ ತಿನ್ನುವ ಸ್ಪೊಡಾಪ್ಟೆರಾ, ಹೆಲಿಕೋವರ್ಪಾ ಜಾತಿಯ ಹುಳುಗಳು ಈ ಹಾರ್ಮೋನನ್ನು ಹೊಟ್ಟೆಯಲ್ಲೇ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಬೈಲಹೊಂಗಲ ಕಡೆ ಸೋಯಾಬೀನಿಗೆ ಬೀಳುವ ತಂಬಾಕು ಹುಳು ಇಂಥದ್ದೇ. ಅದರ ಮೇಲೆ ಜರಿ ಕಷಾಯ ಸುರಿದು 'ಕೆಲಸ ಮಾಡಲಿಲ್ಲ' ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ.

ಎರಡನೆಯದು ಪ್ರೋಟೀನು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟೆಕ್ಟೇರಿಯಾ ಮ್ಯಾಕ್ರೊಡೊಂಟಾ ಎಂಬ ಜರಿಯಿಂದ ಟಿಎಂಎ12 ಎಂಬ ಪ್ರೋಟೀನನ್ನು ಬೇರ್ಪಡಿಸಿ, ಅದರ ಜೀನನ್ನು ಹತ್ತಿಗೆ ಸೇರಿಸಿ, ಬಿಳಿನೊಣಕ್ಕೆ ತಡೆ ಸಿಕ್ಕಿದ್ದನ್ನು 2016ರಲ್ಲಿ ಪ್ರಕಟಿಸಿದರು. ಈ ಸುದ್ದಿ ಓದಿದವರು ಟೆಕ್ಟೇರಿಯಾ ಎಲೆ ಕುದಿಸಿ ಹತ್ತಿಗೆ ಹೊಡೆದರಾಯಿತು ಅಂದುಕೊಳ್ಳುವುದುಂಟು. ಅದು ಎರಡು ಕಾರಣಕ್ಕೆ ಆಗದ ಮಾತು. ಕುದಿಸಿದರೆ ಮೊಟ್ಟೆ ಗಟ್ಟಿಯಾದಂತೆ ಪ್ರೋಟೀನು ಕೆಡುತ್ತದೆ. ಕೆಡದೆ ಉಳಿದರೂ, ಬಿಳಿನೊಣ ಎಲೆಯ ಮೇಲ್ಮೈಯನ್ನು ತಿನ್ನುವುದಿಲ್ಲ, ಒಳಗಿನ ನಾಳಕ್ಕೆ ಸೂಜಿಬಾಯಿ ಚುಚ್ಚಿ ರಸ ಹೀರುತ್ತದೆ. ಮೇಲೆ ಬಳಿದ ಪ್ರೋಟೀನು ಅದರ ಬಾಯಿಗೇ ಹೋಗುವುದಿಲ್ಲ. ಜೀನು ಸೇರಿಸಿದ ಹತ್ತಿಯಲ್ಲಿ ಪ್ರೋಟೀನು ಗಿಡದೊಳಗೇ ತಯಾರಾಗುವುದರಿಂದ ಅಲ್ಲಿ ಕೆಲಸ ನಡೆಯಿತು.

ಮೂರನೆಯದು ಟ್ಯಾನಿನ್ ಮತ್ತು ಫೀನಾಲಿನಂಥ ಒಗರು ವಸ್ತುಗಳು. ಮನೆಯಲ್ಲಿ ನೀರಿನ ಕಷಾಯ ಮಾಡಿದಾಗ ನಿಜವಾಗಿ ಹೆಚ್ಚು ಇಳಿಯುವುದು ಇವೇ. ಇವು ಹುಳುವನ್ನು ಕೊಲ್ಲುವುದಕ್ಕಿಂತ ಅದರ ಬಾಯಿ ಕಟ್ಟುವುದೇ ಜಾಸ್ತಿ.

ಜರಿಗೆ ಕೀಟವೇ ಹತ್ತುವುದಿಲ್ಲ ಎಂಬ ಮಾತನ್ನು ನಂಬಬೇಡಿ. ನರ್ಸರಿಯ ಜರಿ ಕುಂಡ ತಿರುಗಿಸಿ ನೋಡಿದರೆ ಹಿಟ್ಟು ತಿಗಣೆ, ಶಲ್ಕಕೀಟ ಎರಡೂ ಸಿಗುತ್ತವೆ. ಜರಿಯ ಮೇಲೇ ಸಂಸಾರ ಹೂಡಿದ ಹಿಟ್ಟು ತಿಗಣೆಗೆ ಜರಿಯ ಕಷಾಯ ಮದ್ದಾಗುವುದಿಲ್ಲ.

ಮುಟ್ಟಬಾರದ ಎರಡು ಜರಿ

ಟೆರಿಸ್ ವಿಟ್ಟಾಟ. ಹಳೆಯ ಗಾರೆ ಗೋಡೆ, ಬಾವಡಿಯ ಮೆಟ್ಟಿಲ ಸಂದಿ, ಸುಣ್ಣದ ಅಂಶವಿರುವ ಕಟ್ಟೆ, ಇಂಥ ಕಡೆ ಹುಟ್ಟುವ ಜರಿ ಇದು. ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಣ ಎಲೆಯ ತೂಕದ 2% ದಾಟಿದ ಆರ್ಸೆನಿಕ್ ದಾಖಲಾಗಿದೆ. ಮಿಡತೆ ಅದನ್ನು ಬಿಟ್ಟು ಹೋಗುವುದು ನಿಜ, ಆದರೆ ಆ ಕಷಾಯ ಬದನೆಗೆ ಹೊಡೆದರೆ ಆರ್ಸೆನಿಕ್ ನಿಮ್ಮ ತಾಟಿಗೆ ಬರುತ್ತದೆ.

ತೊಂದರೆ ಏನೆಂದರೆ ಇದು ನೋಡಲು ನಾವು ಕಷಾಯಕ್ಕೆ ಬಳಸುವ ನೆಫ್ರೊಲೆಪಿಸ್ (ನರ್ಸರಿಯಲ್ಲಿ ಕುಂಡಕ್ಕೆಂದು ಮಾರುವ ಜರಿ) ಥರವೇ ಇರುತ್ತದೆ. ಎರಡಕ್ಕೂ ನಡುಕಡ್ಡಿಯ ಎರಡೂ ಬದಿಗೆ ಒಂದೇ ಸಾಲಿನ ಕಿರುಎಲೆ. ಗುರುತು ಹಿಡಿಯುವುದು ಹೀಗೆ: ಟೆರಿಸ್ ವಿಟ್ಟಾಟದ ತುದಿಯಲ್ಲಿ ಒಂದು ಉದ್ದನೆಯ ಕಿರುಎಲೆ ನೆಟ್ಟಗೆ ನಿಂತಿರುತ್ತದೆ, ಬುಡದ ಕಡೆ ಬಂದಂತೆ ಕಿರುಎಲೆಗಳು ಮೋಟಾಗುತ್ತವೆ. ಎಲೆ ಮಗುಚಿದರೆ ಬೀಜಕಣಗಳು ಅಂಚಿನುದ್ದಕ್ಕೂ ಕಂದು ಗೆರೆಯಾಗಿ ಕಾಣುತ್ತವೆ. ನೆಫ್ರೊಲೆಪಿಸ್‌ನಲ್ಲಿ ಕಿರುಎಲೆಗಳು ತುದಿಗೆ ಸಣ್ಣದಾಗುತ್ತ ಹೋಗಿ ಚೂಪಾಗಿ ಮುಗಿಯುತ್ತವೆ, ಬೀಜಕಣಗಳು ಬಿಡಿಬಿಡಿ ಚುಕ್ಕೆಗಳಾಗಿರುತ್ತವೆ, ಬುಡದಿಂದ ದಾರದಂಥ ಹಂಬು ಹೊರಟು ಪಕ್ಕದಲ್ಲಿ ಹೊಸ ಸಸಿ ಹುಟ್ಟಿರುತ್ತದೆ. ಈ ಮೂರೂ ಗುರುತು ಸೇರದಿದ್ದರೆ ಆ ಗಿಡ ಬಿಡಿ.

ಎರಡನೆಯದು ಬ್ರ್ಯಾಕನ್. ಬಯಲುಸೀಮೆಯಲ್ಲಿ ಇಲ್ಲ, ಘಟ್ಟದ ಎತ್ತರದ ಹುಲ್ಲುಗಾವಲಿನಲ್ಲಿ ಕಾಣುತ್ತದೆ. ನೆಲದೊಳಗೆ ಹರಿದ ಗಡ್ಡೆಯಿಂದ ಒಂಟಿ ಒಂಟಿಯಾಗಿ ಏಳುವ, ತ್ರಿಕೋನಾಕಾರದ ದೊಡ್ಡ ಎಲೆ. ಇದರಲ್ಲಿರುವ ಟಾಕ್ವಿಲೋಸೈಡ್ ಕ್ಯಾನ್ಸರ್ ತರುವ ವಸ್ತು. ತಿಂದ ದನಕ್ಕೆ ಮೂತ್ರದಲ್ಲಿ ರಕ್ತ ಹೋಗುವ ರೋಗ ಬರುತ್ತದೆ, ಆ ವಸ್ತು ಹಾಲಿಗೂ ಇಳಿಯುತ್ತದೆ. ಅದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಕಷಾಯ ಮಾಡಿದರೆ ಮೊದಲು ಇಳಿಯುವುದೇ ಅದು.

ಬಾದಾಮಿಯಂಥ ಒಣ ಊರಿನ ಬಂಡೆ ಬಿರುಕಿನಲ್ಲಿ ಬೀಸಣಿಗೆಯಂತೆ ಅರಳುವ ಮಯೂರಶಿಖೆಯೂ ಜರಿಯೇ. ವಿಷವೆಂದಲ್ಲ, ಗೇಣುದ್ದದ ಗಿಡ, ಹಿಡಿ ಪುಡಿಗೆ ಇಡೀ ಬಂಡೆ ಖಾಲಿಯಾಗುತ್ತದೆ, ಅದಕ್ಕೇ ಬೇಡ. ಭೀಮಗಡ ವನ್ಯಧಾಮದೊಳಗಿಂದ ಯಾವ ಜರಿಯನ್ನೂ ತರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಎಲೆಗೂ ಅನ್ವಯಿಸುತ್ತದೆ.

ಗಿಡ ಸಿದ್ಧ ಮಾಡುವುದು

ನರ್ಸರಿಯ ನೆಫ್ರೊಲೆಪಿಸ್ ತಂದ ಕೂಡಲೇ ಎಲೆ ಕೊಯ್ಯಬೇಡಿ. ನರ್ಸರಿಯಲ್ಲಿ ಮಣ್ಣಿಗೆ ಇಮಿಡಾಕ್ಲೋಪ್ರಿಡ್‌ನಂಥ ಔಷಧ ಹಾಕಿದ್ದರೆ ಅದು ಎಲೆಯೊಳಗೆಲ್ಲ ಹರಡಿರುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಹುಳು ಸಾಯುತ್ತದೆ, ಹೆಸರು ಜರಿಗೆ ಬರುತ್ತದೆ. ಹಳೆಯ ಎಲೆ ಕತ್ತರಿಸಿ, ಬೇರಿನ ಮಣ್ಣು ತೊಳೆದು, ಹೊಸ ಮಿಶ್ರಣಕ್ಕೆ ಹಾಕಿ. ಕೆಂಪು ಮಣ್ಣು, ಕೊಕೊಪೀಟ್, ಎರೆಗೊಬ್ಬರ ಸಮಪಾಲು ಇರಲಿ, ಎರೆ ಮಣ್ಣು ಬೇಡ, ನೀರು ನಿಂತು ಬುಡ ಕೊಳೆಯುತ್ತದೆ. ಆಮೇಲೆ ಹುಟ್ಟಿ ಪೂರ್ತಿ ಬಿಚ್ಚಿಕೊಂಡ ಎಲೆ ಮಾತ್ರ ಬಳಸಿ. ಅದಕ್ಕೆ ಎರಡು ತಿಂಗಳಾದರೂ ಬೇಕು.

ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರಿನ ಉಪ್ಪಿಗೆ ಎಲೆ ತುದಿ ಕಂದಾಗುತ್ತದೆ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಗಿಡ ಬೇರೆಯೇ ಕಾಣುತ್ತದೆ. ಅರ್ಧ ಬಿಸಿಲು ತಡೆಯುವ ನೆರಳು ಪರದೆ ಬೇಕೇ ಬೇಕು.

ನಾಲ್ಕೈದು ದೊಡ್ಡ ಕುಂಡಗಳಿಂದ 250 ಗ್ರಾಂ ಹಸಿ ಎಲೆ ಸಿಗಬಹುದು. ಪ್ರತಿ ಕುಂಡದಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬೇಡಿ. ಅಡಿಯಲ್ಲಿ ಕಂದು ಪುಡಿ ಕಟ್ಟಿದ ಎಲೆ ಬಿಟ್ಟುಬಿಡಿ, ಪುಡಿ ಮಾಡುವಾಗ ಬೀಜಕಣ ಮೂಗಿಗೆ ಹೋಗುತ್ತದೆ. ತೊಳೆದು ನೆರಳಲ್ಲಿ ಹರಡಿ. ಹಿಂಗಾರಿನ ಒಣ ಗಾಳಿಗೆ ನಾಲ್ಕೈದು ದಿನ, ಬೆಳಗಾವಿಯ ಮಳೆಗಾಲಕ್ಕೆ ಹತ್ತು ದಿನವೂ ಹಿಡಿಯಬಹುದು. ಮುರಿದರೆ ಚಟ್ ಎನ್ನಬೇಕು. ಬೂಸ್ಟು ಬಂದರೆ ಎಸೆಯಿರಿ.

ಕಷಾಯ

50 ಗ್ರಾಂ ಪುಡಿ ತೂಗಿ ಗಾಜಿನ ಬಾಟಲಿಗೆ ಹಾಕಿ. 500 ಮಿಲಿ ಮಳೆ ನೀರು ಅಥವಾ ಆರ್‌ಒ ನೀರನ್ನು 60–70 ಡಿಗ್ರಿಗೆ ಕಾಯಿಸಿ ಸುರಿಯಿರಿ, ಅಂದರೆ ಪಾತ್ರೆ ತಳದಲ್ಲಿ ಸಣ್ಣ ಗುಳ್ಳೆ ಏಳಬೇಕು, ಕುದಿ ಬರಬಾರದು. ಮುಚ್ಚಿ 12 ಗಂಟೆ ಬಿಡಿ, ನಡುವೆ ಮೂರು ನಾಲ್ಕು ಸಲ ಅಲ್ಲಾಡಿಸಿ. ಎರಡು ಪದರ ಹತ್ತಿ ಬಟ್ಟೆಯಲ್ಲಿ ಸೋಸಿ ಹಿಂಡಿ. ಪುಡಿ ನೀರು ಕುಡಿದಿರುವುದರಿಂದ 400 ಮಿಲಿಯ ಆಸುಪಾಸು ಬರುತ್ತದೆ. ಗಸಿಗೆ ಸ್ವಲ್ಪ ನೀರು ಹಾಕಿ ಮತ್ತೆ ಹಿಂಡಿ ಒಟ್ಟು 500 ಮಿಲಿ ಮಾಡಿ. ಇದು 10% ಮೂಲ ಕಷಾಯ. ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಅದೇ ದಿನ ಬಳಸಿ.

ಹಾರ್ಮೋನು ಬಗೆಯ ವಸ್ತು ಹೆಚ್ಚು ಇಳಿಯಬೇಕೆಂದರೆ ನೀರಿಗಿಂತ 70% ಎಥನಾಲ್ ಒಳ್ಳೆಯದು. ಆದರೆ ಆಮೇಲೆ ಆ ಎಥನಾಲನ್ನು ಆವಿಯಾಗಿಸಬೇಕು, ಅದನ್ನು ಗ್ಯಾಸ್ ಒಲೆಯ ಹತ್ತಿರ ಮಾಡಲು ಹೋದರೆ ಬೆಂಕಿ ಹತ್ತುತ್ತದೆ. ಕಾಲೇಜಿನ ಲ್ಯಾಬಿದ್ದರೆ ಮಾತ್ರ ಆ ದಾರಿ.

ಸೋಪು ತಪ್ಪಿಸಬೇಡಿ. ಎಲೆಕೋಸಿನ ಎಲೆಗೆ ಮೇಣದ ಪದರ ಇರುತ್ತದೆ, ಬರೀ ಕಷಾಯ ಮುತ್ತಿನಂತೆ ಉರುಳಿ ಹೋಗುತ್ತದೆ. 1 ಮಿಲಿ ದ್ರವ ಸೋಪನ್ನು 100 ಮಿಲಿ ನೀರಿಗೆ ಕಲಸಿಟ್ಟುಕೊಳ್ಳಿ. ಇದನ್ನೇ ಕೆಳಗೆ ಸೋಪು ನೀರು ಎಂದಿದೆ.

- 5%: ಮೂಲ ಕಷಾಯ 50 ಮಿಲಿ, ಸೋಪು ನೀರು 10, ನೀರು 40
- 2.5%: ಕಷಾಯ 25, ಸೋಪು ನೀರು 10, ನೀರು 65
- 1%: ಕಷಾಯ 10, ಸೋಪು ನೀರು 10, ನೀರು 80
- ಹೋಲಿಕೆಗೆ: ಸೋಪು ನೀರು 10, ನೀರು 90
- ಬೇವು: 5 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ 90 ಮಿಲಿ ನೀರಲ್ಲಿ ನೆನೆಸಿ ಸೋಸಿ, ಸೋಪು ನೀರು 10

ಬೇವಿನ ಸಾಲು ಯಾಕೆಂದರೆ, ಜರಿ ಕಷಾಯ ಬೇವಿಗಿಂತ ಕಡಿಮೆ ಕೆಲಸ ಮಾಡಿದರೆ ಇಷ್ಟೆಲ್ಲ ಕಷ್ಟಪಡಲು ಕಾರಣವೇ ಇಲ್ಲ.

ಡಬ್ಬಿ ಪರೀಕ್ಷೆ

ಹುಳು ಆರಿಸುವಾಗಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ. ಬೆಳಗಾವಿ ಸುತ್ತಮುತ್ತ ಕೋಬಿ, ಅಂದರೆ ಎಲೆಕೋಸು ಬೆಳೆಯುವ ಕಡೆ ವಜ್ರಬೆನ್ನಿನ ಪತಂಗದ ಹಸಿರು ಹುಳು ಸುಲಭವಾಗಿ ಸಿಗುತ್ತದೆ. ಮುಟ್ಟಿದರೆ ಮಿಣಮಿಣ ಹೊರಳಿ ನೂಲು ಹಿಡಿದು ಜೋತಾಡುತ್ತದೆ. ಇದು ಕೋಸಿನ ಜಾತಿಯ ಗಿಡಗಳನ್ನು ಬಿಟ್ಟು ಬೇರೇನನ್ನೂ ತಿನ್ನದ ಹುಳು, ಪರೀಕ್ಷೆಗೆ ಹೊಂದುತ್ತದೆ. ಹೆಲಿಕೋವರ್ಪಾ ಬೇಡ, ಒಂದೇ ಡಬ್ಬಿಯಲ್ಲಿಟ್ಟರೆ ಒಂದನ್ನೊಂದು ತಿನ್ನುತ್ತವೆ.

ಔಷಧ ಹೊಡೆಯದ ತಾಕಿನಿಂದ 5–6 ಮಿಮೀ ಉದ್ದದ ಹುಳು 180ರಷ್ಟು ತನ್ನಿ. ದೊಡ್ಡದು ತಂದರೆ ಎರಡನೇ ದಿನವೇ ಗೂಡು ಕಟ್ಟಿ ತಿನ್ನುವುದು ನಿಲ್ಲಿಸುತ್ತದೆ, ನೀವು ಕಷಾಯದ ಪರಿಣಾಮವೆಂದು ಬರೆದುಕೊಳ್ಳುತ್ತೀರಿ. ಒಂದು ದಿನ ಮಾಮೂಲಿ ಎಲೆ ಕೊಟ್ಟು ಸಾಕಿ. ಹೊಲದ ಹುಳುಗಳಲ್ಲಿ ಕೆಲವುದರೊಳಗೆ ಪರಾವಲಂಬಿ ಕಣಜದ ಮರಿ ಇರುತ್ತದೆ, ಮಂಕಾದವನ್ನು ಆ ದಿನವೇ ಬೇರೆ ಮಾಡಿ. ಉಳಿದ 150 ಹುಳು ಐದು ದ್ರಾವಣಕ್ಕೆ, ತಲಾ ಮೂರು ಡಬ್ಬಿ, ಡಬ್ಬಿಗೆ ಹತ್ತು.

ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ 5 ಸೆಂಮೀ ಅಗಲದ ಎಲೆಬಿಲ್ಲೆ ಕತ್ತರಿಸಿ. ಒಂದೊಂದನ್ನೂ ದ್ರಾವಣದಲ್ಲಿ 10 ಸೆಕೆಂಡು ಅದ್ದಿ, ನೆರಳಲ್ಲಿ ಮುಕ್ಕಾಲು ಗಂಟೆ ಆರಿಸಿ. ಮೊದಲು ಹೋಲಿಕೆಯ ಬಿಲ್ಲೆ, ಆಮೇಲೆ 1%, 2.5%, 5%, ಕೊನೆಗೆ ಬೇವು. ಹಿಂದುಮುಂದಾದರೆ ಚಿಮಟದಲ್ಲಿ ಉಳಿದದ್ದು ಮುಂದಿನದಕ್ಕೆ ಹತ್ತುತ್ತದೆ. ಡಬ್ಬಿಯ ತಳಕ್ಕೆ ತುಸು ಒದ್ದೆ ಮಾಡಿದ ಬ್ಲಾಟಿಂಗ್ ಕಾಗದ, ಅದರ ಮೇಲೆ ಎರಡು ಬಿಲ್ಲೆ, ಬಾಯಿಗೆ ತೆಳು ಬಟ್ಟೆ. ಹುಳುಗಳನ್ನು ಮೂರು ಗಂಟೆ ಉಪವಾಸವಿಟ್ಟು ಮೃದು ಬ್ರಶ್ಶಿನಿಂದ ಬಿಡಿ. ಡಬ್ಬಿಗೆ ದ್ರಾವಣದ ಹೆಸರು ಬರೆಯದೆ ನಂಬರು ಹಾಕಿ, ಎಣಿಸುವವರು ಬೇರೆಯವರಿರಲಿ. ಡಬ್ಬಿಗಳನ್ನು ಕಪಾಟಿನಲ್ಲಿ ಕಲಸಿ ಇಡಿ, ಹೋಲಿಕೆಯವೆಲ್ಲ ಒಂದೇ ಕಡೆ ಕೂರಬಾರದು.

ಕೋಣೆ 25–28 ಡಿಗ್ರಿ ಇರಬೇಕು. ಚೈತ್ರ–ವೈಶಾಖದ ವಿಜಯಪುರದಲ್ಲಿ ಇದನ್ನು ಮಾಡಿದರೆ ಕಷಾಯಕ್ಕಿಂತ ಮೊದಲು ಸೆಕೆಯೇ ಹುಳು ಕೊಲ್ಲುತ್ತದೆ. ಕಾರ್ತಿಕದಿಂದ ಮಾಘದವರೆಗೆ ಅನುಕೂಲ.

48 ಗಂಟೆಗೆ ಬಿಲ್ಲೆ ತೆಗೆದು ಇಟ್ಟುಕೊಳ್ಳಿ, ಬಳಿಕ ಏನೂ ಅದ್ದದ ತಾಜಾ ಎಲೆ ದಿನಾ ಕೊಡಿ. ಸತ್ತದ್ದನ್ನು 24, 48, 72 ಗಂಟೆಗೆ ಎಣಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪೊರೆ ಕಳಚುವ ಹೊತ್ತಿಗೇ ಹಾರ್ಮೋನಿನ ಪೆಟ್ಟು ಕಾಣುವುದರಿಂದ ಏಳು ದಿನ ನೋಡಬೇಕು. ಬ್ರಶ್ಶಿನಿಂದ ಮುಟ್ಟಿದರೂ ಕದಲದ್ದು ಸತ್ತದ್ದು. ಹತ್ತು ಪಟ್ಟಿನ ಲೆನ್ಸಿನಲ್ಲಿ ತಲೆಯ ಕಡೆ ನೋಡಿ: ಹಳೆಯ ತಲೆಚಿಪ್ಪು ಕಳಚದೆ ಹೊಸದರ ಮುಂದೆ ಟೊಪ್ಪಿಗೆಯಂತೆ ಸಿಕ್ಕಿಕೊಂಡಿದ್ದರೆ ಅದು ಹಾರ್ಮೋನಿನ ಸಹಿ. ಅಂಥವನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಅಂಕಿ ಓದುವುದು

ಹೋಲಿಕೆಯ ಡಬ್ಬಿಯಲ್ಲೂ ಒಂದೆರಡು ಸಾಯುತ್ತವೆ. ಅದನ್ನು ಕಳೆಯಲು 1925ರಿಂದ ಬಳಕೆಯಲ್ಲಿರುವ ಅಬಾಟ್ ಸೂತ್ರವಿದೆ: ಕಷಾಯದಲ್ಲಿ ಸತ್ತ ಶೇಕಡಾದಿಂದ ಹೋಲಿಕೆಯಲ್ಲಿ ಸತ್ತ ಶೇಕಡಾ ಕಳೆಯಿರಿ, ಬಂದದ್ದನ್ನು (100 − ಹೋಲಿಕೆ)ಯಿಂದ ಭಾಗಿಸಿ 100ರಿಂದ ಗುಣಿಸಿ. 5% ಕಷಾಯದಲ್ಲಿ 30ಕ್ಕೆ 15, ಅಂದರೆ 50%, ಹೋಲಿಕೆಯಲ್ಲಿ 30ಕ್ಕೆ 3, ಅಂದರೆ 10% ಸತ್ತಿದ್ದರೆ, 40ನ್ನು 90ರಿಂದ ಭಾಗಿಸಿದಾಗ 44.4% ಬರುತ್ತದೆ. ಹೋಲಿಕೆಯಲ್ಲೇ 20% ಮೀರಿ ಸತ್ತಿದ್ದರೆ ಇಡೀ ಪರೀಕ್ಷೆ ರದ್ದು.

ತಿಂದ ಪ್ರಮಾಣಕ್ಕೆ ಬಿಲ್ಲೆಯನ್ನು ಗ್ರಾಫ್ ಕಾಗದದ ಮೇಲಿಟ್ಟು ಚೌಕ ಎಣಿಸಿ. ಒಂದು ಪೂರ್ತಿ ಬಿಲ್ಲೆ 19.6 ಚದರ ಸೆಂಮೀ. ಈ ಹುಳು ಎಷ್ಟೋ ಕಡೆ ಮೇಲಿನ ತೆಳು ಪೊರೆ ಉಳಿಸಿ ಕೆಳಗಿನದ್ದನ್ನು ಕೆರೆದು ತಿನ್ನುತ್ತದೆ, ಬೆಳಕಿಗೆ ಹಿಡಿದರೆ ಕಿಟಕಿಯಂತೆ ಕಾಣುತ್ತದೆ. ಅದನ್ನೂ ತಿಂದದ್ದೆಂದೇ ಎಣಿಸಬೇಕು. ಹೋಲಿಕೆಯಲ್ಲಿ 20 ಚದರ ಸೆಂಮೀ, ಕಷಾಯದಲ್ಲಿ 7.5 ಆದರೆ ಬಾಯಿ ಕಟ್ಟಿದ ಪ್ರಮಾಣ 62.5%.

ಸಾವು ಕಡಿಮೆ, ತಿಂದದ್ದೂ ಕಡಿಮೆ: ಒಗರಿನ ಕೆಲಸ. ಅಂಥ ಕಷಾಯ ಮಳೆಗೆ ತೊಳೆದು ಹೋದ ಕೂಡಲೇ ಹುಳು ಮತ್ತೆ ತಿನ್ನತೊಡಗುತ್ತದೆ. 1%, 2.5%, 5% ಮೂರರಲ್ಲೂ ಒಂದೇ ಅಂಕಿ ಬಂದರೆ ಕಷಾಯವಲ್ಲ, ಸೋಪೋ ಶಾಖವೋ ಇನ್ನೇನೋ ಕೊಲ್ಲುತ್ತಿದೆ. ಪ್ರಮಾಣ ಏರಿದಂತೆ ಪರಿಣಾಮ ಏರಲೇಬೇಕು.

ಕುಂಡಕ್ಕೆ ಹೊಡೆಯುವಾಗ

ಬೇವಿಗೆ ಸರಿಸಮ ಬಂದ ಪ್ರಮಾಣವನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ಐದು ಗಿಡಕ್ಕೆ ಸಂಜೆ ಹೊಡೆದು ಮೂರು ದಿನ ಎಲೆ ಅಂಚು ಸುಡುತ್ತದೆಯೇ ನೋಡಿ. ಹೂ ಬಿಟ್ಟ ದಾಳಿಂಬೆ, ಮೊಗ್ಗಿನ ದ್ರಾಕ್ಷಿಯ ಮೇಲೆ ಪ್ರಯೋಗ ಬೇಡ, ಒಂದು ಹೂ ಉದುರಿದರೂ ನಷ್ಟ ನಿಮ್ಮದೇ. ಎಷ್ಟು ದಿನ ಬಿಟ್ಟು ತಿನ್ನಬಹುದೆಂಬ ನಿಗದಿ ಈ ಕಷಾಯಕ್ಕಿಲ್ಲ. ಹಾಗಾಗಿ ಮೆಂತ್ಯ, ಪಾಲಕ್‌ನಂಥ ಎಲೆ ತಿನ್ನುವ ಸೊಪ್ಪಿಗೆ ಹೊಡೆಯಬೇಡಿ. ಕೋಸಿನ ಸಸಿ ಮಡಿ, ಹೂಗಿಡ ಇವಕ್ಕೆ ಸಾಕು. 15 ಲೀಟರಿನ ಪಂಪಿಗೆ 5% ಎಂದರೆ 750 ಗ್ರಾಂ ಪುಡಿ ಬೇಕು, ಒಂದು ಲೀಟರಿನ ಕೈಪಂಪಿಗೆ 50 ಗ್ರಾಂ.

ಹಿಪ್ಪುನೇರಳೆ ಇರುವ ಕಡೆ ಗಾಳಿ ಆ ದಿಕ್ಕಿಗೆ ಬೀಸುತ್ತಿದ್ದರೆ ಪಂಪು ಎತ್ತಲೇಬೇಡಿ. ರೇಷ್ಮೆ ಹುಳುವಿಗೆ ಈ ಹಾರ್ಮೋನು ಬಲವಾಗಿ ನಾಟುತ್ತದೆ. ಗೂಡು ಕಟ್ಟುವ ಹೊತ್ತಿಗೆ ಎಲ್ಲ ಹುಳು ಒಟ್ಟಿಗೆ ಹಣ್ಣಾಗಲೆಂದು ಸಸ್ಯಮೂಲದ ಎಕ್ಡಿಸ್ಟೆರಾಯ್ಡನ್ನು (ಇದೇ ಹಾರ್ಮೋನಿನ ಗುಂಪಿನ ವಸ್ತು) ಸೊಪ್ಪಿಗೆ ಸಿಂಪಡಿಸುವ ಪದ್ಧತಿ ರೇಷ್ಮೆ ಸಾಕಣೆಯಲ್ಲೇ ಇದೆ. ಅದೇ ವಸ್ತು ಇನ್ನೂ ಹಣ್ಣಾಗದ ಎಳೆಯ ಹುಳುವಿಗೆ ತಲುಪಿದರೆ ಬೆಳೆಯೇ ಹಾಳಾಗುತ್ತದೆ.

ಕಾನೂನಿನ ಮಾತು: 1968ರ ಕೀಟನಾಶಕ ಕಾಯ್ದೆ ಸ್ವಂತ ಮನೆ, ಹಿತ್ತಲು, ಸ್ವಂತ ಸಾಗುವಳಿಯ ನೆಲದ ಬಳಕೆಗೆ ಅಡ್ಡ ಬರುವುದಿಲ್ಲ. ಬಾಟಲಿಗೆ ತುಂಬಿ ಸಂತೆಯಲ್ಲಿ ಮಾರಿದರೆ ನೋಂದಣಿ ಬೇಕು.

ಅಡಿಗೆಯ ಮಿಕ್ಸರು, ಪಾತ್ರೆ ಈ ಕೆಲಸಕ್ಕೆ ಬೇಡ. ಕೈಗವಸು, ಪುಡಿ ಮಾಡುವಾಗ ಮಾಸ್ಕ್ ಇರಲಿ. ಉಳಿದ ಕಷಾಯವನ್ನು ಬೇಲಿ ಬುಡದ ಮಣ್ಣಿಗೆ ಸುರಿಯಿರಿ. ಕೊಟ್ಟಿಗೆಯ ಬಾನಿಗೂ ದನಕ್ಕೆಂದು ಬೆಳೆಸುವ ಅಜೋಲಾ ಗುಂಡಿಗೂ ಬೇಡ. ಅಂದಹಾಗೆ ಆ ಅಜೋಲಾ ಕೂಡ ಜರಿಯ ಜಾತಿಯದೇ.